ಔಷಧಿಯ ಗಿಡವೂ ಆರನೆಯವನ ವಿವೇಕವೂ

ಜೈನ ಸಿದ್ಧಾಂತದಲ್ಲಿ ಲೇಶ್ಯೆಗಳ ಸ್ವರೂಪವನ್ನು ತಿಳಿಯಪಡಿಸಲು ಹೇಳುವ ದೃಷ್ಟಾಂತವು ಶ್ರಾವಕರ ಮನೆಗಳಲ್ಲಿ ಮಕ್ಕಳಿಗೂ ಪರಿಚಿತವಾದುದು. ಕಾಡಿನಲ್ಲಿ ದಾರಿ ತಪ್ಪಿ ಹಸಿದ ಆರು ಮಂದಿ, ಹಣ್ಣು ತುಂಬಿ ನಿಂತ ಮರವೊಂದನ್ನು ಕಾಣುತ್ತಾರೆ. ಮೊದಲನೆಯವನ ಮನಸ್ಸು ಮರವನ್ನು ಬುಡಸಮೇತ ಕೀಳಲು ಬಯಸುತ್ತದೆ. ಎರಡನೆಯವನು ಕಾಂಡವನ್ನು ಕಡಿಯಬೇಕೆನ್ನುತ್ತಾನೆ. ಮೂರನೆಯವನು ದೊಡ್ಡ ಕೊಂಬೆಯನ್ನು, ನಾಲ್ಕನೆಯವನು ಸಣ್ಣ ರೆಂಬೆಗಳನ್ನು. ಐದನೆಯವನಿಗೆ ಹಣ್ಣನ್ನಷ್ಟೇ ಕೊಯ್ದರೆ ಸಾಕು. ಆರನೆಯವನು, ನೆಲಕ್ಕೆ ಉದುರಿದ ಹಣ್ಣುಗಳಿಂದಲೇ ಹಸಿವು ತಣಿಯುವುದಲ್ಲ ಎಂದು ಭಾವಿಸುತ್ತಾನೆ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳನ್ನು ಈ ಆರು ಮನಸ್ಸುಗಳಲ್ಲಿ ಗುರುತಿಸಲಾಗಿದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಈ ದೃಷ್ಟಾಂತವಿದೆ; ಶ್ರವಣಬೆಳಗೊಳದ ಜೈನ ಮಠದ ಭಿತ್ತಿಚಿತ್ರಗಳಲ್ಲಿಯೂ ಅದು ಮೂಡಿದೆ. ಕಥೆ ಹೇಳುವಾಗ ಆ ಮರವನ್ನು ಜಂಬೂವೃಕ್ಷ, ಎಂದರೆ ನೇರಳೆ ಮರ ಎಂದು ಹೇಳುವ ರೂಢಿಯುಂಟು.

ಆರು ಮಂದಿಯ ಹಸಿವು ಒಂದೇ, ಮರವೂ ಒಂದೇ. ಬೇಕಾದುದನ್ನು ಪಡೆಯಲು ಎಷ್ಟನ್ನು ನಾಶಮಾಡಲು ಮನಸ್ಸು ಒಪ್ಪುತ್ತದೆ ಎಂಬಲ್ಲಿ ಮಾತ್ರ ಭೇದವಿದೆ. ಹಸಿವಿನ ಸ್ಥಾನದಲ್ಲಿ ರೋಗವನ್ನು ಇರಿಸಿದರೆ ಇದೇ ದೃಷ್ಟಾಂತವು ಔಷಧ ಸಸ್ಯಗಳ ವಿಚಾರಕ್ಕೂ ಸಲ್ಲುತ್ತದೆ. ಗಿಡಮೂಲಿಕೆಯ ಔಷಧಿಯು ಪ್ರಾಣಿಹಿಂಸೆಯಿಲ್ಲದ್ದು, ಆದ್ದರಿಂದ ನಿರ್ದೋಷವಾದುದು ಎಂಬ ಭಾವನೆ ಅನೇಕ ಕುಟುಂಬಗಳಲ್ಲಿದೆ. ಆದರೆ ಅದು ಗಿಡದ ಯಾವ ಅಂಗದಿಂದ ಬಂತು, ತೆಗೆದ ಮೇಲೆ ಗಿಡ ಉಳಿಯಿತೇ, ಅದರಿಂದ ರೋಗಿಗೆ ನಿಜವಾಗಿ ಹಿತವಾಯಿತೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವವರು ವಿರಳ.

ಈ ವಿಚಾರದಲ್ಲಿ ಜೈನ ವೈದ್ಯ ಪರಂಪರೆಗೆ ದೀರ್ಘವಾದ ಇತಿಹಾಸವಿದೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕದಲ್ಲಿ ಮಾಂಸ, ಮದ್ಯ, ಮಧುಗಳನ್ನು ಬಿಟ್ಟು ಚಿಕಿತ್ಸಾಕ್ರಮವನ್ನು ನಿರೂಪಿಸಿದರು. ಮಾಂಸವು ಔಷಧಿಯಾಗಿಯೂ ಅನಾವಶ್ಯಕವೆಂಬ ವಾದವನ್ನು ಅದರ ಹಿತಾಹಿತ ಪ್ರಕರಣದಲ್ಲಿ ಮಂಡಿಸಿದರು. ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಸ್ಥಾವರ ವಿಷಗಳು, ಅಂದರೆ ಸಸ್ಯಗಳಿಂದಲೂ ಖನಿಜಗಳಿಂದಲೂ ಬರುವ ವಿಷಗಳು, ಆ ಗ್ರಂಥದ ಮುಖ್ಯ ವಿಷಯ. ಸಸ್ಯವು ಮದ್ದೂ ಆಗಬಲ್ಲದು, ವಿಷವೂ ಆಗಬಲ್ಲದು ಎಂಬುದನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು.

ಆಧುನಿಕ ರಸಾಯನಶಾಸ್ತ್ರವು ಇದರ ಕಾರಣವನ್ನು ಸ್ಪಷ್ಟಪಡಿಸಿದೆ. ಗಿಡವು ಮನುಷ್ಯನಿಗೆ ಮದ್ದಾಗಲೆಂದು ಯಾವ ರಸವನ್ನೂ ತಯಾರಿಸುವುದಿಲ್ಲ. ಓಡಿಹೋಗಲಾರದ ಜೀವಿಯಾದ ಅದು ಕೀಟಗಳಿಂದಲೂ ಶಿಲೀಂಧ್ರಗಳಿಂದಲೂ ಮೇಯುವ ಪ್ರಾಣಿಗಳಿಂದಲೂ ತನ್ನನ್ನು ಕಾಯ್ದುಕೊಳ್ಳಲು ಕಹಿ, ಒಗರು, ಖಾರ, ಕಟುವಾಸನೆಗಳ ದ್ರವ್ಯಗಳನ್ನು ಸೃಷ್ಟಿಸುತ್ತದೆ. ಆಲ್ಕಲಾಯ್ಡ್, ಟ್ಯಾನಿನ್, ಸುಗಂಧ ತೈಲ ಮುಂತಾದವು ಈ ವರ್ಗಕ್ಕೆ ಸೇರಿದವು. ಕೀಟದ ನರವನ್ನು ಕುಗ್ಗಿಸುವ ದ್ರವ್ಯವೇ ಅಲ್ಪ ಪ್ರಮಾಣದಲ್ಲಿ ಮನುಷ್ಯನ ರಕ್ತದೊತ್ತಡವನ್ನು ಇಳಿಸಬಹುದು; ಪ್ರಮಾಣ ಮೀರಿದರೆ ಕೇಡನ್ನೂ ಮಾಡಬಹುದು. ಗಿಡವು ತನಗೆ ಅಮೂಲ್ಯವಾದ ಅಂಗಗಳಲ್ಲಿ ಈ ದ್ರವ್ಯಗಳನ್ನು ಹೆಚ್ಚಾಗಿ ಕೂಡಿಡುವುದುಂಟು. ಆದುದರಿಂದಲೇ ಎಷ್ಟೋ ಮದ್ದುಗಳು ಬೇರಿನಲ್ಲಿ, ತೊಗಟೆಯಲ್ಲಿ ದೊರೆಯುತ್ತವೆ.

ಬೇರಿನ ಮದ್ದಿಗೆ ಸರ್ಪಗಂಧವೇ ಪ್ರಸಿದ್ಧ ನಿದರ್ಶನ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಇದರ ಬೇರು ರಕ್ತದೊತ್ತಡವನ್ನೂ ಉನ್ಮಾದವನ್ನೂ ತಗ್ಗಿಸುವುದೆಂದು ಬರೆದರು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 50 ಮಂದಿ ರೋಗಿಗಳ ಮೇಲಿನ ಅನುಭವವನ್ನು ಇಂಗ್ಲೆಂಡಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಅದರಿಂದ ರಿಸರ್ಪೀನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. ನರತುದಿಗಳಲ್ಲಿ ಸಂಗ್ರಹವಾಗಿರುವ ರಾಸಾಯನಿಕಗಳನ್ನು ಬರಿದು ಮಾಡುವುದರ ಮೂಲಕ ಅದು ರಕ್ತದೊತ್ತಡವನ್ನು ಇಳಿಸುತ್ತದೆ. ಅದೇ ಕಾರಣದಿಂದ ಕೆಲವರಲ್ಲಿ ಮನಸ್ಸು ಕುಗ್ಗುವುದೂ ಕಂಡುಬಂದಿತು; ಉತ್ತಮ ಗುಳಿಗೆಗಳು ಬಂದ ಮೇಲೆ ಅದರ ಬಳಕೆ ಬಹಳ ಕಡಿಮೆಯಾಯಿತು.

ಆದರೆ ಅಷ್ಟರಲ್ಲಿ ಕಾಡಿನ ಸರ್ಪಗಂಧಕ್ಕೆ ಆಗಬೇಕಾದ ಹಾನಿ ಆಗಿತ್ತು. ಬೇರನ್ನು ಅಗೆದ ಮೇಲೆ ಗಿಡ ಉಳಿಯುವುದಿಲ್ಲ. ಜಗತ್ತಿನ ಬೇಡಿಕೆಗಾಗಿ ಕಾಡುಕಾಡುಗಳಲ್ಲಿ ಅದನ್ನು ಅಗೆದರು. 1990ರಲ್ಲಿ ಅಪಾಯಕ್ಕೊಳಗಾದ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಅದನ್ನು ಸೇರಿಸಬೇಕಾಯಿತು. ದೃಷ್ಟಾಂತದ ಮೊದಲನೆಯವನು ಕಥೆಯಲ್ಲಿ ಮರ ಕೀಳಲು ಮನಸ್ಸು ಮಾಡಿದನಷ್ಟೆ. ಇಲ್ಲಿ ಸಾವಿರಾರು ಕೈಗಳು ಕಿತ್ತೇ ಬಿಟ್ಟವು.

ಕಾಂಡವನ್ನು ಕಡಿಯುವ ಎರಡನೆಯವನಿಗೂ ಸಹ್ಯಾದ್ರಿಯಲ್ಲಿ ನಿದರ್ಶನ ಸಿಗುತ್ತದೆ. ಹೂವಿನ ಕೆಟ್ಟ ನಾತದಿಂದಾಗಿ ದುರ್ವಾಸನೆ ಮರವೆಂದು ಹೆಸರು ಪಡೆದ ಚಿಕ್ಕ ಮರವೊಂದು ಅಲ್ಲಿ ಬೆಳೆಯುತ್ತದೆ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅವರು ಚೀನಾ ದೇಶದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ದ್ರವ್ಯವನ್ನು ಪಡೆದಿದ್ದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅವರು ಅದನ್ನು ಈ ಸಹ್ಯಾದ್ರಿಯ ಮರದಲ್ಲಿಯೂ ಕಂಡರು. ಜೀವಕೋಶವು ವಿಭಜನೆಗೊಳ್ಳುವಾಗ ವಂಶತಂತುವಿನ ಸುರುಳಿಯನ್ನು ಬಿಡಿಸುವ ಕಿಣ್ವವನ್ನು ಇದು ತಡೆಯುತ್ತದೆ. ಇದರಿಂದ ರೂಪಿಸಿದ ಎರಡು ಔಷಧಿಗಳು 1996ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದವು. ಇಂದಿಗೂ ರೋಗಿಗಳಿಗೆ ನೆರವಾಗುತ್ತಿವೆ. ಆ ರೋಗಿಗಳ ನೋವನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾಡಿನ ಮರಗಳನ್ನು ಬುಡದಲ್ಲಿ ಕಡಿದು ಮೂಟೆಕಟ್ಟಿ ಸಾಗಿಸಿದುದನ್ನೂ ಅಲ್ಲಗಳೆಯುವಂತಿಲ್ಲ. ಮರವನ್ನು ತೋಟಗಳಲ್ಲಿ ಬೆಳೆಸುವ ಪ್ರಯತ್ನ, ಅದರ ತೊಗಟೆಯೊಳಗಿನ ಶಿಲೀಂಧ್ರದಿಂದ ಅದೇ ದ್ರವ್ಯವನ್ನು ಪಡೆಯುವ ಸಂಶೋಧನೆ, ಇವೆಲ್ಲವೂ ಕೊಡಲಿಗೆ ಬದಲು ದಾರಿಯನ್ನು ಹುಡುಕುವ ಯತ್ನಗಳೇ.

ಅಶೋಕದ ಕಥೆ ಶ್ರಾವಕರ ಹೃದಯಕ್ಕೆ ಇನ್ನೂ ಹತ್ತಿರವಾದುದು. ತೀರ್ಥಂಕರರ ಅಷ್ಟಪ್ರಾತಿಹಾರ್ಯಗಳಲ್ಲಿ ಅಶೋಕವೃಕ್ಷವೂ ಒಂದು. ಇದರ ತೊಗಟೆಯನ್ನು ಸ್ತ್ರೀಯರ ರೋಗಗಳಿಗೆ ಆಯುರ್ವೇದದಲ್ಲಿ ಬಳಸುತ್ತಾರೆ. ತೊಗಟೆಯ ಒಳಪದರವೇ ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಒಯ್ಯುವ ಮಾರ್ಗ. ಮರದ ಸುತ್ತಲೂ ತೊಗಟೆಯನ್ನು ಸುಲಿದರೆ ಬೇರು ಹಸಿವಿನಿಂದ ಸಾಯುತ್ತದೆ, ಅದರೊಡನೆ ಮರವೂ ಸಾಯುತ್ತದೆ. ಕಾಡಿನಲ್ಲಿ ಅಶೋಕ ವಿರಳವಾದಂತೆ ಅಂಗಡಿಯಲ್ಲಿ ಅಶೋಕದ ತೊಗಟೆಯೆಂಬ ಹೆಸರಿನಲ್ಲಿ ಬೇರೆ ಮರಗಳ ತೊಗಟೆ ತುಂಬಿಕೊಂಡಿತು. ಮಾರುಕಟ್ಟೆಯಲ್ಲಿ ದೊರೆಯುವ ಮಾದರಿಗಳನ್ನು ವಂಶತಂತುವಿನ ಪರೀಕ್ಷೆಗೆ ಒಳಪಡಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬಹುಪಾಲು ಮಾದರಿಗಳು ಅಶೋಕವೇ ಆಗಿರಲಿಲ್ಲ. ಹಿಂಸೆಯ ಬೆನ್ನಲ್ಲೇ ಅಸತ್ಯವೂ ಹೇಗೆ ಬರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೊಂಬೆಯನ್ನೂ ಎಲೆಯನ್ನೂ ತೆಗೆದರೆ ಗಿಡಕ್ಕೆ ಗಾಯವಾಗುತ್ತದೆ, ಆದರೆ ಹೆಚ್ಚಿನ ಗಿಡಗಳು ಚಿಗುರಿ ಉಳಿಯುತ್ತವೆ. ಅಮೃತಬಳ್ಳಿಯ ತುಂಡನ್ನು ಮರಕ್ಕೆ ತೂಗಿಹಾಕಿದರೂ ಅದು ಬೇರಿಳಿಸಿ ಬದುಕಬಲ್ಲದು. ಆಡುಸೋಗೆಯ ಎಲೆಯನ್ನು ಎಷ್ಟು ಬಾರಿ ಕೊಯ್ದರೂ ಬೇಲಿಯಲ್ಲಿ ಮತ್ತೆ ಹಬ್ಬುತ್ತದೆ. ಆಡುಸೋಗೆಯ ಎಲೆಯಲ್ಲಿರುವ ವಾಸಿಸೀನ್ ಎಂಬ ಆಲ್ಕಲಾಯ್ಡನ್ನು ಮಾದರಿಯಾಗಿಟ್ಟುಕೊಂಡೇ 1960ರ ದಶಕದಲ್ಲಿ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧಿಯನ್ನು ಸಿದ್ಧಪಡಿಸಿದರು. ಇಂದು ಅಂಗಡಿಯಲ್ಲಿ ದೊರೆಯುವ ಎಷ್ಟೋ ಕೆಮ್ಮಿನ ಔಷಧಿಗಳ ಹಿಂದೆ ಅಜ್ಜಿಯರ ಆಡುಸೋಗೆ ಕಷಾಯವೇ ಇದೆ. ಆದರೆ ಅದೇ ವಾಸಿಸೀನ್ ಗರ್ಭಕೋಶವನ್ನು ಸಂಕೋಚಗೊಳಿಸುವ ಗುಣವುಳ್ಳದ್ದು. ಗರ್ಭಿಣಿಯರು ಈ ಕಷಾಯವನ್ನು ಸೇವಿಸಲಾಗದು. ಕೋವಿಡ್ ಕಾಲದಲ್ಲಿ ಜನರು ಅಮೃತಬಳ್ಳಿಯ ಕಷಾಯವನ್ನು ಅಳತೆಯಿಲ್ಲದೆ ಕುಡಿದಾಗ, ಯಕೃತ್ತಿಗೆ ತೊಂದರೆಯಾದ ಪ್ರಕರಣಗಳನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯವು ಆ ತೀರ್ಮಾನವನ್ನು ಒಪ್ಪಲಿಲ್ಲ. ವಿವಾದ ಏನೇ ಇರಲಿ, ಕಷಾಯ ಕುಡಿಯುವಾಗ ಕಣ್ಣು ಹಳದಿಯಾದರೆ ಅದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕೆಂಬುದರಲ್ಲಿ ವಿವಾದವಿಲ್ಲ.

ಇಲ್ಲಿ ಶುಂಠಿ, ಅರಿಶಿನಗಳ ಪ್ರಶ್ನೆ ಸಹಜವಾಗಿ ಏಳುತ್ತದೆ. ಅವೆರಡೂ ನೆಲದೊಳಗಿನ ಗೆಡ್ಡೆಗಳು. ಒಂದೇ ಶರೀರದಲ್ಲಿ ಅನಂತ ಜೀವಗಳಿರುವ ಸಾಧಾರಣ ವನಸ್ಪತಿಗಳೆಂದು ಹಸಿಯಾಗಿ ಅವನ್ನು ಅನೇಕ ಶ್ರಾವಕರು ವರ್ಜಿಸುತ್ತಾರೆ. ತಾನಾಗಿ ಒಣಗಿ ಅಚಿತ್ತವಾದ ಒಣಶುಂಠಿಯೂ ಅರಿಶಿನದ ಪುಡಿಯೂ ಅದೇ ಮನೆಗಳಲ್ಲಿ ಬಳಕೆಯಲ್ಲಿವೆ. ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಹಸಿಶುಂಠಿ ಮತ್ತು ಒಣಶುಂಠಿ ಒಂದೇ ವಸ್ತುವಲ್ಲ. ಹಸಿಶುಂಠಿಯ ಖಾರಕ್ಕೆ ಜಿಂಜರಾಲ್ ಕಾರಣ. ಒಣಗುವಾಗ ಅದರ ಒಂದು ಅಂಶವು ನೀರಿನ ಅಣುವೊಂದನ್ನು ಕಳೆದುಕೊಂಡು ಶೋಗಾಲ್ ಆಗಿ ಪರಿವರ್ತಿತವಾಗುತ್ತದೆ. ಶೋಗಾಲ್ ಹೆಚ್ಚು ಖಾರವುಳ್ಳದ್ದು. ಒಣಶುಂಠಿ ಚಿಟಿಕೆಯಷ್ಟಿದ್ದರೂ ಗಂಟಲು ಬೆಚ್ಚಗಾಗುವುದು ಇದರಿಂದಲೇ. ಓಕರಿಕೆಯನ್ನು ತಗ್ಗಿಸುವಲ್ಲಿ ಶುಂಠಿಗೆ ಮಿತವಾದ ಪ್ರಯೋಜನವುಂಟೆಂದು ಆಧುನಿಕ ಪರೀಕ್ಷೆಗಳೂ ತೋರಿಸಿವೆ.

ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಹಳದಿ ದ್ರವ್ಯವು ನೂರಕ್ಕೆ ಸುಮಾರು 3 ಭಾಗದಷ್ಟಿರುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಕರುಳು ಅದನ್ನು ಹೀರುವುದು ಬಹಳ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕಾಳುಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ ಅದರ ಹೀರಿಕೆ ಸುಮಾರು 20 ಪಟ್ಟು ಹೆಚ್ಚಿದುದನ್ನು ಕಂಡರು. ಹಾಲಿಗೆ ಅರಿಶಿನವನ್ನೂ ಮೆಣಸನ್ನೂ ಸೇರಿಸುವ ಮನೆಮದ್ದಿಗೆ ಇದು ಸಮರ್ಥನೆಯೆಂದು ಹಲವರು ಹಿಗ್ಗಿದರು. ಆದರೆ ಲೆಕ್ಕ ಹಾಕಿದರೆ, 2 ಗ್ರಾಂ ಕರ್ಕ್ಯುಮಿನ್ ಪಡೆಯಲು ಇಪ್ಪತ್ತಕ್ಕೂ ಹೆಚ್ಚು ಚಹಾ ಚಮಚ ಅರಿಶಿನ ಬೇಕು. ಹಾಲಿನ ಚಿಟಿಕೆ ಅರಿಶಿನ ಬೇರೆ, ಗುಳಿಗೆಯ ರೂಪದಲ್ಲಿ ಮಾರುವ ಸಾಂದ್ರ ಕರ್ಕ್ಯುಮಿನ್ ಬೇರೆ. ಹೀರಿಕೆ ಹೆಚ್ಚಿಸಿದ ಇಂಥ ಗುಳಿಗೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ಇತ್ತೀಚಿನ ವರ್ಷಗಳಲ್ಲಿ ಇಟಲಿ, ಅಮೆರಿಕಗಳಿಂದ ವರದಿಯಾಗಿವೆ. ಅಡುಗೆಮನೆಯ ಮಿತವು ಒಂದು ಬಗೆಯ ಸಂಯಮವೇ ಆಗಿತ್ತು. ಆ ಮಿತವನ್ನು ಕಳೆದುಕೊಂಡರೆ ಮದ್ದು ತನ್ನ ಗುಣವನ್ನೇ ಬದಲಿಸುತ್ತದೆ.

ಹಣ್ಣಿನ ಮದ್ದುಗಳಿಗೆ ಬಂದರೆ ಮನಸ್ಸು ಹಗುರವಾಗುತ್ತದೆ. ಹಣ್ಣನ್ನು ಕೊಟ್ಟ ಮರ ಮರುವರ್ಷವೂ ಕೊಡುತ್ತದೆ. ನೂರು ಗ್ರಾಂ ನೆಲ್ಲಿಕಾಯಿಯಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಸಿ ಜೀವಸತ್ತ್ವವಿದೆ. ಅಷ್ಟೇ ತೂಕದ ಕಿತ್ತಳೆಯಲ್ಲಿ ಇರುವುದು ಸುಮಾರು 50 ಮಿಲಿಗ್ರಾಂ. ರಾಗಿ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಲಾರದು. ಸಿ ಜೀವಸತ್ತ್ವವು ಆ ಕಬ್ಬಿಣವನ್ನು ಹೀರಲು ಯೋಗ್ಯವಾದ ರೂಪಕ್ಕೆ ತರುತ್ತದೆ. ಮಾಂಸಾಹಾರವಿಲ್ಲದ ಮನೆಗಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಊಟದೊಡನೆ ನೆಲ್ಲಿಕಾಯಿ ಅಥವಾ ಲಿಂಬೆರಸ ಇರುವುದು ದೊಡ್ಡ ಉಪಕಾರ. ಊಟ ಮುಗಿದೊಡನೆ ಕುಡಿಯುವ ಕಾಫಿ, ಚಹಾಗಳು ಇದಕ್ಕೆ ವಿರುದ್ಧವಾಗಿ ಕಬ್ಬಿಣದ ಹೀರಿಕೆಯನ್ನು ತಡೆಯುತ್ತವೆ. ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿಯನ್ನು ಬಿಡುವ ಮನೆಗಳಲ್ಲಿ ನೆಲ್ಲಿಚಟ್ಟಿನ ತಂಬುಳಿ ರುಚಿಗೂ ಹಿತಕ್ಕೂ ಒದಗುತ್ತದೆ.

ಆರನೆಯವನ ಪಾಲಿನ ಮದ್ದುಗಳೂ ಇವೆ. ಅಳಲೆಕಾಯಿ, ತಾರೆಕಾಯಿಗಳು ಬಲಿತಾಗ ತಾವಾಗಿ ಉದುರುತ್ತವೆ. ನೆಲ್ಲಿಯೊಡನೆ ಸೇರಿ ಅವು ತ್ರಿಫಲೆಯಾಗುತ್ತವೆ. ಅಳಲೆಯ ಒಗರಿಗೆ ಅದರ ಟ್ಯಾನಿನ್‌ಗಳೇ ಕಾರಣ. ಉದುರಿದ ಹಣ್ಣಾದರೂ ಅದರಲ್ಲಿ ಹುಳುಗಳಿರಬಹುದು. ಬೆಳಕಿನಲ್ಲಿ ಶೋಧಿಸಿ ಬಳಸುವುದು ಶ್ರಾವಕನ ಕರ್ತವ್ಯ. ನೇರಳೆ ಹಣ್ಣು ತಿಂದ ಮೇಲೆ ಎಸೆಯುವ ಬೀಜವನ್ನು ಒಣಗಿಸಿ ಪುಡಿ ಮಾಡಿ ಸಕ್ಕರೆ ಕಾಯಿಲೆಗೆ ಕೊಡುವುದು ಹಳೆಯ ಪದ್ಧತಿ. ಗಿಡಕ್ಕೆ ಎಳ್ಳಷ್ಟೂ ನೋವಿಲ್ಲದ ಮದ್ದು ಇದಕ್ಕಿಂತ ಬೇರೆ ಯಾವುದು? ಆದರೆ ಮೂರನೆಯ ಪ್ರಶ್ನೆ, ರೋಗಿಗೆ ನಿಜವಾಗಿ ಹಿತವಾಯಿತೇ ಎಂಬುದು, ಇಲ್ಲಿಯೇ ಎದುರಾಗುತ್ತದೆ.

ಕರಾವಳಿಯ ಊರೊಂದರಲ್ಲಿ ನಿವೃತ್ತ ಶಾಲಾ ಮೇಷ್ಟ್ರೊಬ್ಬರಿದ್ದರು. ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷಗಳಿಂದ ಗುಳಿಗೆ ಸೇವಿಸುತ್ತಿದ್ದ ಅವರು, ಗುಳಿಗೆಯಲ್ಲಿ ಏನೇನು ಸೇರಿರುವುದೋ ಎಂಬ ಶಂಕೆಯಿಂದ ಅದನ್ನು ಬಿಟ್ಟು ಬರಿಯ ನೇರಳೆ ಬೀಜದ ಪುಡಿಯನ್ನೇ ನೆಚ್ಚಿದರು. ವ್ರತದಂತೆ ತಪ್ಪದೆ ಸೇವಿಸಿದರು. ನಾಲ್ಕು ತಿಂಗಳಲ್ಲಿ ಕಾಲ್ಬೆರಳಿನ ಸಣ್ಣ ಗಾಯ ಕೊಳೆಯತೊಡಗಿತು. ಬೇರು ಅಗೆಯುವುದಾದರೂ ಬೀಜ ಉದುರಿದ ಮೇಲೆಯೇ ಅಗೆಯುವ, ಅರ್ಧ ಬೇರನ್ನು ಮಣ್ಣಿನಲ್ಲಿಯೇ ಬಿಡುವ ನಿಯಮವುಳ್ಳ ವೃದ್ಧ ನಾಟಿವೈದ್ಯರೊಬ್ಬರು ಆ ಊರಿನಲ್ಲಿದ್ದರು. ಮೇಷ್ಟ್ರು ಕಾಲನ್ನು ತೋರಿಸಿ, “ಪಂಡಿತರೇ, ಪುಡಿ ನೀವೇ ಕೊಟ್ಟದ್ದಲ್ಲವೇ?” ಎಂದು ಕೇಳಿದರು. ಪಂಡಿತರು, “ಕೊಟ್ಟವನು ನಾನೇ, ಮೇಷ್ಟ್ರೇ. ಡಾಕ್ಟರರ ಗುಳಿಗೆ ಬಿಡಿ ಎಂದು ನಾನು ಹೇಳಿದ್ದುಂಟೇ? ಈ ಕಾಲಿಗೆ ನನ್ನಲ್ಲಿ ಮದ್ದಿಲ್ಲ. ಇದೇ ಬಸ್ಸಿಗೆ ಆಸ್ಪತ್ರೆಗೆ ಹೊರಡಿ,” ಎಂದರು. ಮೇಷ್ಟ್ರು ಎರಡು ಬೆರಳುಗಳನ್ನು ಕಳೆದುಕೊಂಡರು, ಕಾಲು ಉಳಿಯಿತು.

ಬ್ರೆಜಿಲ್ ದೇಶದಲ್ಲಿಯೂ ನೇರಳೆ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುವ ರೂಢಿಯಿದೆ. 2006ರಲ್ಲಿ ಅಲ್ಲಿಯ ವೈದ್ಯರು ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಕಷಾಯದಿಂದ ರಕ್ತದ ಸಕ್ಕರೆ ಇಳಿಯಲಿಲ್ಲ. ಎಲೆಯ ಫಲಿತಾಂಶವನ್ನು ಬೀಜಕ್ಕೆ ಹಾಗೆಯೇ ಅನ್ವಯಿಸಲಾಗದು; ಆದರೆ ವೈದ್ಯರ ಗುಳಿಗೆಯನ್ನು ಬಿಡುವಷ್ಟು ಬಲವಾದ ಆಧಾರ ಬೀಜಕ್ಕೂ ಇಲ್ಲ. ಮರಕ್ಕೆ ಹಿಂಸೆಯಾಗಲಿಲ್ಲವೆಂಬ ಸಮಾಧಾನದಲ್ಲಿ ಸ್ವಂತ ದೇಹಕ್ಕೆ ಆಗುವ ಹಿಂಸೆಯನ್ನು ಮರೆಯುವುದು ಅಹಿಂಸೆಯಲ್ಲ. ಇಂಥ ಪುಡಿಯಿಂದ ರೋಗ ಬುಡಸಮೇತ ಹೋಗುವುದೆಂದು ಇತರರಿಗೆ ಖಾತರಿ ಕೊಡುವವನು ಸತ್ಯವ್ರತಕ್ಕೂ ಭಂಗ ತರುತ್ತಾನೆ. ಪಂಡಿತರು ತಮ್ಮ ಮದ್ದಿನ ಸೀಮೆಯನ್ನು ತಾವೇ ಹೇಳಿದುದರಲ್ಲಿ ಅವರ ವೈದ್ಯವೂ ಧರ್ಮವೂ ಒಂದಾಗಿದ್ದವು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧ ಮತ್ತು ಅಭಯಗಳನ್ನು ಒಂದೇ ಕಾರ್ಯದಲ್ಲಿ ಕೂಡಿಸುವ ಅವಕಾಶ ಬಸದಿಗಳ ಆಡಳಿತ ಮಂಡಳಿಗಳಿಗೆ ಇದೆ. ಅನೇಕ ಬಸದಿಗಳಿಗೆ ಸೇರಿದ ಭೂಮಿ ಖಾಲಿ ಬಿದ್ದಿದೆ. ಅಲ್ಲಿ ಅಶೋಕ, ನೆಲ್ಲಿ, ಅಳಲೆ, ತಾರೆ, ನೇರಳೆಗಳನ್ನು ನೆಟ್ಟು, ಹೆಸರನ್ನು ಬರೆದು, ತೊಗಟೆ ಸುಲಿಯದಂತೆ ಕಾಯಬಹುದು. 1993ರಿಂದ ಕರ್ನಾಟಕ, ಕೇರಳ, ತಮಿಳುನಾಡುಗಳ ಅರಣ್ಯ ಇಲಾಖೆಗಳು ಔಷಧ ಸಸ್ಯಗಳಿಗಾಗಿಯೇ ಕಾಡಿನ ಕೆಲವು ಭಾಗಗಳನ್ನು ಮೀಸಲಿಟ್ಟು ಕಾಯುವ ಕ್ರಮವನ್ನು ಆರಂಭಿಸಿದವು. ಬಸದಿಯ ವನವೂ ಅದರ ಕಿರುರೂಪವಾಗಬಲ್ಲದು. ಉಚಿತ ಔಷಧಾಲಯ ನಡೆಸುವ ಟ್ರಸ್ಟುಗಳು ಚೂರ್ಣವನ್ನೂ ಅರಿಷ್ಟವನ್ನೂ ಕೊಳ್ಳುವಾಗ ಬೆಲೆಯೊಡನೆ ಮೂಲವನ್ನೂ ವಿಚಾರಿಸಬೇಕು: ಬೇರು ಕಾಡಿನದೋ, ಬೆಳೆಸಿದ್ದೋ? ತೊಗಟೆಯ ಪರೀಕ್ಷೆಯಾಗಿದೆಯೋ ಇಲ್ಲವೋ? ಆಯುರ್ವೇದದ ದಶಮೂಲದಲ್ಲಿ ಐದು ಬೇರುಗಳು ಮರಗಳವು. ಬೇರಿನ ಬದಲು ಅದೇ ಮರದ ಕಾಂಡ, ರೆಂಬೆಗಳು ಸಾಲುವವೇ ಎಂಬುದನ್ನು ಸಂಶೋಧಕರು ಪರಿಶೀಲಿಸುತ್ತಿದ್ದಾರೆ. ಅಂಥ ಸಂಶೋಧನೆಗೆ ವಿದ್ಯಾರ್ಥಿವೇತನ ನೀಡುವುದೂ ಶಾಸ್ತ್ರದಾನವೇ.

ಗೃಹಸ್ಥನಿಗೆ ಸಂಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂದೇ ಅವನಿಗೆ ಅಣುವ್ರತಗಳನ್ನು ವಿಧಿಸಲಾಗಿದೆ. ರೋಗ ಬಂದಾಗ ಮದ್ದು ಬೇಕು. ಕೆಲವೊಮ್ಮೆ ಬೇರಿನ ಮದ್ದೇ ಬೇಕಾಗಬಹುದು. ಆಗ ಎಷ್ಟು ಅವಶ್ಯವೋ ಅಷ್ಟನ್ನು, ಬೆಳೆಸಿದ ಗಿಡದಿಂದ, ತಿಳಿದ ವೈದ್ಯರ ಮಾತಿನಂತೆ ಪಡೆಯುವುದು ಯೋಗ್ಯ. ಹಣ್ಣಿನಿಂದ ಆಗುವ ಕೆಲಸಕ್ಕೆ ಕೊಂಬೆಯನ್ನು ಮುರಿಯದಿರುವುದು, ಎಲೆಯಿಂದ ಆಗುವ ಕೆಲಸಕ್ಕೆ ಬೇರನ್ನು ಅಗೆಯದಿರುವುದು, ಯಾವುದರಿಂದಲೂ ಆಗದ ಕೆಲಸವನ್ನು ಆಗುವುದೆಂದು ಹೇಳದಿರುವುದು, ಈ ಮೂರು ನಿಯಮಗಳನ್ನು ಪಾಲಿಸಲು ಯಾರಿಗೂ ಕಷ್ಟವಿಲ್ಲ. ಮನೆಯ ಮದ್ದಿನ ಡಬ್ಬಿಯಲ್ಲಿರುವ ಒಂದೊಂದು ಪುಡಿಯನ್ನೂ ಮಕ್ಕಳ ಮುಂದಿಟ್ಟು, ಇದು ಗಿಡದ ಯಾವ ಭಾಗ ಎಂದು ಕೇಳುವುದರಿಂದಲೇ ಈ ಅಭ್ಯಾಸವನ್ನು ಆರಂಭಿಸಬಹುದು.